ಫೋಟೋಗೂ ವಿಡಿಯೋಗೂ ಒಂದೇ ಕ್ಯಾಮೆರಾ: ಕಡಿಮೆ ಬಜೆಟ್‌ನಲ್ಲಿ ಆರಿಸುವುದು ಹೇಗೆ?

ಬರೀ ಫೋಟೋ ಸಾಕು ಎನ್ನುವವರಿಗೆ ಈಗ ಕ್ಯಾಮೆರಾ ಆರಿಸುವುದು ಕಷ್ಟವೇನಲ್ಲ. ಹೆಸರುವಾಸಿ ಕಂಪನಿಗಳು ಕಳೆದ ಹತ್ತು ವರ್ಷಗಳಲ್ಲಿ ಮಾಡಿದ, ಲೆನ್ಸ್ ಬದಲಿಸಬಹುದಾದ ಯಾವ ಕ್ಯಾಮೆರಾ ತಗೊಂಡರೂ ಫೋಟೋ ಚೆನ್ನಾಗಿಯೇ ಬರುತ್ತದೆ. ವಿಡಿಯೋನೂ ಬೇಕು, ದುಡ್ಡು ಮಾತ್ರ ಕಡಿಮೆ ಅಂದಾಗ ತಲೆನೋವು ಶುರು. ಬೆಲೆ ಇಳಿಸಬೇಕಾದಾಗ ಕಂಪನಿಗಳು ಹೆಚ್ಚಾಗಿ ಕತ್ತರಿ ಆಡಿಸುವುದು ವಿಡಿಯೋ ಕಡೆಗೆ. ಅದೂ ಸುಲಭಕ್ಕೆ ಕಣ್ಣಿಗೆ ಬೀಳದ ಜಾಗದಲ್ಲಿ. ಡಬ್ಬದ ಮೇಲೆ 4ಕೆ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಆ 4ಕೆ ಆನ್ ಮಾಡಿದ ಕೂಡಲೇ ಚಿತ್ರದ ಅಂಚು ಕತ್ತರಿಸಿ ಹೋಗುತ್ತದೆ, ಫೋಕಸ್ ಮಂದವಾಗುತ್ತದೆ ಎನ್ನುವ ಮಾತು ಮಾತ್ರ ಎಲ್ಲೋ ಸಣ್ಣ ಅಕ್ಷರದಲ್ಲಿ ಅಡಗಿರುತ್ತದೆ.

ಅದಕ್ಕೇ ಇಲ್ಲಿನ ಕ್ರಮ ಸ್ವಲ್ಪ ಉಲ್ಟಾ. ಕ್ಯಾಮೆರಾಗಳನ್ನು ಮೊದಲು ವಿಡಿಯೋ ಲೆಕ್ಕದಲ್ಲಿ ಜರಡಿ ಹಿಡಿಯೋಣ. ಉಳಿದವು ಫೋಟೋಗೆ ಹೇಗೂ ಸಾಲುತ್ತವೆ.

ಹಂತ 1: ಏನು ತೆಗೆಯುತ್ತೀರಿ ಎಂದು ಬರೆದಿಡಿ

ಅಂಗಡಿಗೆ ಹೋಗುವ ಮೊದಲು ನಿಮ್ಮ ಫೋನಿನ ಗ್ಯಾಲರಿ ತೆರೆಯಿರಿ. ಕಳೆದ ಕೆಲವು ತಿಂಗಳಲ್ಲಿ ತೆಗೆದದ್ದನ್ನೆಲ್ಲ ನೋಡುತ್ತಾ ಹೋಗಿ. ಯಾವುದು ನಿಮಗೆ ಬೇಸರ ತಂದಿದೆ? ಸಂಜೆ ಮನೆಯೊಳಗೆ ತೆಗೆದ ಚಿತ್ರ ಮಸುಕಾಗಿದ್ದರೆ ನಿಮಗೆ ಬೇಕಾಗಿರುವುದು ದೊಡ್ಡ ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಚಿಪ್) ಮತ್ತು ಜಾಸ್ತಿ ಬೆಳಕು ಬಿಡುವ ಲೆನ್ಸ್. ಮರದ ಮೇಲಿನ ಹಕ್ಕಿ ಚುಕ್ಕೆಯಂತೆ ಕಂಡರೆ ಉದ್ದದ ಜೂಮ್ ಬೇಕು. ವಿಡಿಯೋದಲ್ಲಿ ಮಾತೇ ಸರಿಯಾಗಿ ಕೇಳದಿದ್ದರೆ ಹೊಸ ಕ್ಯಾಮೆರಾ ಬೇಕಾಗಿಯೇ ಇಲ್ಲ. ಫೋನಿಗೆ ಒಂದು ಮೈಕ್ ಸಿಕ್ಕಿಸಿದರೆ ಸಾಕು.

ಇನ್ನೊಂದು ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ. ಒಳ್ಳೆಯ ಬಿಸಿಲಿನಲ್ಲಿ, ನಡೆಯುತ್ತಾ ತೆಗೆಯುವ ವಿಡಿಯೋದಲ್ಲಿ, ಈಗಿನ ಫೋನ್‌ಗಳು ಕಡಿಮೆ ಬೆಲೆಯ ಕ್ಯಾಮೆರಾಗಳನ್ನು ಎಷ್ಟೋ ಸಲ ಮೀರಿಸುತ್ತವೆ. ಕೈ ನಡುಕ ತಡೆಯುವುದರಲ್ಲಂತೂ ಫೋನ್ ಮುಂದೆ. ಕ್ಯಾಮೆರಾ ಗೆಲ್ಲುವುದು ಬೇರೆ ಕಡೆ: ಕಡಿಮೆ ಬೆಳಕು, ನಿಜವಾದ ಜೂಮ್, ಲೆನ್ಸಿನಿಂದಲೇ ಬರುವ ಮಸುಕು ಹಿನ್ನೆಲೆ, ಓಡುವ ಮಕ್ಕಳು ಮತ್ತು ಪ್ರಾಣಿಗಳ ಫೋಟೋ, ಮೈಕ್ ಸಿಕ್ಕಿಸಿ ಗಂಟೆಗಟ್ಟಲೆ ಮಾಡುವ ರೆಕಾರ್ಡಿಂಗ್. ನಿಮ್ಮ ಪಟ್ಟಿಯಲ್ಲಿ ಇವುಗಳಲ್ಲಿ ಒಂದೂ ಇಲ್ಲ ಅಂದರೆ ಸದ್ಯಕ್ಕೆ ದುಡ್ಡು ಉಳಿಸಿ.

ಇದ್ದರೆ, ಫೋಟೋ ಎಷ್ಟು ಪಾಲು, ವಿಡಿಯೋ ಎಷ್ಟು ಪಾಲು ಎಂದು ಒಂದು ಅಂದಾಜು ಬರೆದುಕೊಳ್ಳಿ. ಹಂತ 8ರಲ್ಲಿ ಇದು ಬೇಕಾಗುತ್ತದೆ.

ಹಂತ 2: ದುಡ್ಡನ್ನು ಮೊದಲೇ ಪಾಲು ಮಾಡಿ

ಇರುವ ದುಡ್ಡನ್ನೆಲ್ಲ ಕ್ಯಾಮೆರಾ ಬಾಡಿಗೇ ಸುರಿಯುವವರು ಜಾಸ್ತಿ. ಮನೆಗೆ ಬಂದ ಮೇಲೆ ಮೆಮೊರಿ ಕಾರ್ಡ್ ಇಲ್ಲ, ಎರಡನೇ ಬ್ಯಾಟರಿ ಇಲ್ಲ, ಮೈಕ್ ಇಲ್ಲ. ನನ್ನ ಲೆಕ್ಕ ಹೀಗಿದೆ: ಒಟ್ಟು ಬಜೆಟ್‌ನ ಸುಮಾರು 60ರಿಂದ 65 ಶೇಕಡಾ ಬಾಡಿ ಮತ್ತು ಅದರ ಜೊತೆ ಬರುವ ಕಿಟ್ ಲೆನ್ಸ್‌ಗೆ. ಉಳಿದದ್ದರಲ್ಲಿ ಕಾರ್ಡ್, ಇನ್ನೊಂದು ಬ್ಯಾಟರಿ, ಮೈಕ್, ಸಾಧಾರಣ ಟ್ರೈಪಾಡ್. ಏನಾದರೂ ಮಿಕ್ಕರೆ ಅದು ಎರಡನೇ ಲೆನ್ಸ್‌ಗೆ. ಈ ಪಾಲಿಗೆ ನೀವು ಇಷ್ಟಪಟ್ಟ ಬಾಡಿ ಹೊಂದದಿದ್ದರೆ ಒಂದು ಮೆಟ್ಟಿಲು ಕೆಳಗಿನ ಮಾಡೆಲ್ ನೋಡಿ, ಅಥವಾ ಅದನ್ನೇ ಸೆಕೆಂಡ್ ಹ್ಯಾಂಡ್ ಹುಡುಕಿ. ಮೈಕ್ ದುಡ್ಡಿಗೆ ಮಾತ್ರ ಕೈ ಹಾಕಬೇಡಿ.

ಹಂತ 3: ಯಾವ ಬಗೆಯ ಕ್ಯಾಮೆರಾ?

ಜೇಬಿಗೆ ಹಿಡಿಯುವ ಅಗ್ಗದ ಕಾಂಪ್ಯಾಕ್ಟ್‌ಗಳನ್ನು ಬಿಟ್ಟುಬಿಡಿ. ಅವುಗಳ ಸೆನ್ಸರ್ ಒಳ್ಳೆಯ ಫೋನಿನದಕ್ಕಿಂತ ದೊಡ್ಡದೇನಲ್ಲ. 1 ಇಂಚು ಸೆನ್ಸರ್‌ನ ಕಾಂಪ್ಯಾಕ್ಟ್‌ಗಳು ಮಾತ್ರ ಬೇರೆ ಲೆಕ್ಕ. 2020ರಲ್ಲಿ ಬಂದ ಸೋನಿ ಝಡ್‌ವಿ-1 ನೋಡಿ: ಎಫ್/1.8ರಿಂದ 2.8ರವರೆಗಿನ ಲೆನ್ಸ್ (ಎಫ್ ಅಂಕಿ ಸಣ್ಣದಾದಷ್ಟೂ ಜಾಸ್ತಿ ಬೆಳಕು ಒಳಗೆ ಬರುತ್ತದೆ), ಮೈಕ್ ಜ್ಯಾಕ್, ಬಿಸಿಲಿಗೆ ಒಳಗೇ ಎನ್‌ಡಿ ಫಿಲ್ಟರ್, ಅಂದರೆ ಬೆಳಕು ತಗ್ಗಿಸುವ ಕಪ್ಪು ಗಾಜು. ಆದರೆ ಲೆನ್ಸ್ ಬದಲಿಸುವ ಹಾಗಿಲ್ಲ, ಬ್ಯಾಟರಿ ಬೇಗ ಮುಗಿಯುತ್ತದೆ.

ಉದ್ದ ಜೂಮ್‌ನ ಬ್ರಿಡ್ಜ್ ಕ್ಯಾಮೆರಾ ಕೊಳ್ಳಲು ಇರುವುದು ಒಂದೇ ಕಾರಣ, ದೂರ. ಹಗಲು ಹೊತ್ತಿನ ಹಕ್ಕಿ, ಚಂದ್ರ, ಆಟದ ಮೈದಾನ. ಕತ್ತಲಾದ ಮೇಲೆ ಅದರ ಸಣ್ಣ ಸೆನ್ಸರ್ ಸೋಲುತ್ತದೆ.

ಡಿಎಸ್‌ಎಲ್‌ಆರ್ ಆಸೆ ಹುಟ್ಟಿಸುತ್ತದೆ, ಏಕೆಂದರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಫೋಟೋಗೆ ಇವತ್ತಿಗೂ ಒಳ್ಳೆಯದು. ಆದರೆ ವಿಡಿಯೋ ಶುರುವಾದ ಕೂಡಲೇ ಒಳಗಿನ ಕನ್ನಡಿ ಮೇಲೇಳುತ್ತದೆ, ವ್ಯೂಫೈಂಡರ್ ಕತ್ತಲಾಗುತ್ತದೆ. ಆಮೇಲೆ ಹಿಂದಿನ ಪರದೆಯೇ ಗತಿ. ಕನ್ನಡಿಯ ಜೊತೆ ಕೆಲಸ ಮಾಡುವ ಚುರುಕಾದ ಫೋಕಸ್ ವ್ಯವಸ್ಥೆಯೂ ಆಗ ಸುಮ್ಮನಾಗುತ್ತದೆ. ಕ್ಯಾನನ್ 2013ರಲ್ಲಿ 70ಡಿ ಮಾಡೆಲ್‌ನಲ್ಲಿ ಡ್ಯುಯಲ್ ಪಿಕ್ಸೆಲ್ ಆಟೋಫೋಕಸ್ ತಂದಿತು. ಸೆನ್ಸರ್ ಮೇಲೇ ಫೋಕಸ್ ಹಿಡಿಯುವ ಈ ವ್ಯವಸ್ಥೆ ಇರುವ ಕ್ಯಾನನ್ ಡಿಎಸ್‌ಎಲ್‌ಆರ್‌ಗಳು ಫುಲ್ ಎಚ್‌ಡಿ ವಿಡಿಯೋಗೆ ಪರವಾಗಿಲ್ಲ. ಅದಿಲ್ಲದ ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ವಿಡಿಯೋ ಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ.

ಎರಡೂ ಬೇಕು ಅಂದರೆ ಮಿರರ್‌ಲೆಸ್ ಕಡೆ ಹೋಗಿ, ಅಂದರೆ ಒಳಗೆ ಕನ್ನಡಿಯೇ ಇಲ್ಲದ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ. ಹೊಸ ಲೆನ್ಸ್‌ಗಳು ಬರುತ್ತಿರುವುದೂ ಇದಕ್ಕೇ.

ಇವಲ್ಲದೆ ಆನ್‌ಲೈನ್‌ನಲ್ಲಿ ಐದನೇ ಜಾತಿಯೊಂದು ಇದೆ. ಹೆಸರೇ ಕೇಳಿರದ ಕಂಪನಿ, 48 ಮೆಗಾಪಿಕ್ಸೆಲ್, 4ಕೆ, 16 ಪಟ್ಟು ಡಿಜಿಟಲ್ ಜೂಮ್, ನಂಬಲಾಗದ ಬೆಲೆ. ಇವುಗಳ ಒಳಗಿರುವುದು ಸಾಮಾನ್ಯವಾಗಿ ತೀರಾ ಸಣ್ಣ ಸೆನ್ಸರ್. ಸಣ್ಣ ಚಿತ್ರವನ್ನೇ ಸಾಫ್ಟ್‌ವೇರ್‌ನಿಂದ ಹಿಗ್ಗಿಸಿ ದೊಡ್ಡ ಅಂಕಿ ತೋರಿಸುತ್ತಾರೆ. ಡಿಜಿಟಲ್ ಜೂಮ್ ಅನ್ನೇ ದೊಡ್ಡ ಗುಣವೆಂದು ಜಾಹೀರಾತು ಮಾಡುವ ಕ್ಯಾಮೆರಾದಿಂದ ದೂರ ಇರಿ.

ಹಂತ 4: ಸೆನ್ಸರ್ ಅಳತೆ ನೋಡಿ, ಮೆಗಾಪಿಕ್ಸೆಲ್ ಬಿಡಿ

ಅಗ್ಗದ ಕಾಂಪ್ಯಾಕ್ಟ್‌ಗಳಲ್ಲಿರುವ 1/2.3 ಇಂಚು ಸೆನ್ಸರ್‌ನ ಅಳತೆ ಸುಮಾರು 6.2×4.6 ಮಿ.ಮೀ. 1 ಇಂಚು ಸೆನ್ಸರ್ 13.2×8.8 ಮಿ.ಮೀ. ಮೈಕ್ರೋ ಫೋರ್ ಥರ್ಡ್ಸ್ 17.3×13 ಮಿ.ಮೀ. ಎಪಿಎಸ್-ಸಿ ಸುಮಾರು 23.5×15.6 ಮಿ.ಮೀ., ಕ್ಯಾನನ್‌ನದು ಕೊಂಚ ಸಣ್ಣದು. ಫುಲ್ ಫ್ರೇಮ್ 36×24 ಮಿ.ಮೀ. ಗುಣಿಸಿ ನೋಡಿ: ಎಪಿಎಸ್-ಸಿ ಸೆನ್ಸರ್ 1/2.3 ಇಂಚಿನದಕ್ಕಿಂತ ಸುಮಾರು 13 ಪಟ್ಟು ದೊಡ್ಡದು. ಕಡಿಮೆ ಬೆಳಕಿನ ಚಿತ್ರದಲ್ಲಿ ಕಾಣುವ ವ್ಯತ್ಯಾಸಕ್ಕೆ ಮುಖ್ಯ ಕಾರಣ ಇದೇ.

ಕಡಿಮೆ ಬಜೆಟ್‌ಗೆ ಎಪಿಎಸ್-ಸಿ ಅಥವಾ ಮೈಕ್ರೋ ಫೋರ್ ಥರ್ಡ್ಸ್ ಸರಿ. ಹಳೆಯ ಫುಲ್ ಫ್ರೇಮ್ ಬಾಡಿ ಅಗ್ಗಕ್ಕೆ ಸಿಕ್ಕರೂ ಅದರ ಒಳ್ಳೆಯ ಲೆನ್ಸ್‌ಗಳು ಜೇಬು ಖಾಲಿ ಮಾಡುತ್ತವೆ.

ಮೆಗಾಪಿಕ್ಸೆಲ್ ಬಗ್ಗೆ ಚಿಂತೆ ಬೇಡ. 4ಕೆ ವಿಡಿಯೋದ ಒಂದು ಫ್ರೇಮ್‌ಗೆ ಬೇಕಾಗುವುದು 8.3 ಮೆಗಾಪಿಕ್ಸೆಲ್, ಫುಲ್ ಎಚ್‌ಡಿಗೆ ಸುಮಾರು 2. 24 ಮೆಗಾಪಿಕ್ಸೆಲ್ ಫೋಟೋವನ್ನು 20×13 ಇಂಚು ಅಳತೆಗೆ ಚೊಕ್ಕವಾಗಿ ಪ್ರಿಂಟ್ ಹಾಕಿಸಬಹುದು. 16ರಿಂದ 24ರ ನಡುವೆ ಎಷ್ಟಿದ್ದರೂ ನಡೆಯುತ್ತದೆ.

ಹಂತ 5: ವಿಡಿಯೋದ ಸಣ್ಣ ಅಕ್ಷರಗಳನ್ನು ಓದಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಇಲ್ಲಿಗೆ ಬರುವಷ್ಟರಲ್ಲಿ ನಿಮ್ಮ ಪಟ್ಟಿಯಲ್ಲಿ ಆರೇಳು ಮಾಡೆಲ್ ಇರಬಹುದು. ಪ್ರತಿಯೊಂದರ ತಾಂತ್ರಿಕ ವಿವರ ತೆಗೆದುಕೊಂಡು ಕೂತುಕೊಳ್ಳಿ.

ಮೊದಲು ಕ್ರಾಪ್. 4ಕೆ ರೆಕಾರ್ಡ್ ಮಾಡುವಾಗ ಕ್ಯಾಮೆರಾ ಇಡೀ ಸೆನ್ಸರ್ ಬಳಸುತ್ತದೋ, ನಡುವಿನ ಭಾಗವನ್ನು ಮಾತ್ರವೋ? ನಡುವಿನದು ಮಾತ್ರ ಅಂದರೆ ದೃಶ್ಯ ಕಿರಿದಾಗುತ್ತದೆ. 2018ರ ಕ್ಯಾನನ್ ಎಂ50 ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಕಿಟ್ ಲೆನ್ಸ್ 15 ಮಿ.ಮೀ.ನಿಂದ ಶುರು (ಲೆನ್ಸಿನ ಈ ಅಂಕಿ ಸಣ್ಣದಾದಷ್ಟೂ ದೃಶ್ಯ ಅಗಲ). ಫೋಟೋದಲ್ಲಿ ಅದು ಫುಲ್ ಫ್ರೇಮ್ ಲೆಕ್ಕದ 24 ಮಿ.ಮೀ.ನಷ್ಟು ಅಗಲ ತೋರಿಸುತ್ತದೆ. ಸಣ್ಣ ಕೋಣೆಯಲ್ಲೂ ಧಾರಾಳ. 4ಕೆಗೆ ಹೋದರೆ ಮತ್ತೆ 1.6 ಪಟ್ಟು ಕ್ರಾಪ್ ಸೇರಿ ಅದೇ ಲೆನ್ಸ್ ಸುಮಾರು 38 ಮಿ.ಮೀ. ಆಗಿಬಿಡುತ್ತದೆ. ಕೈಯಲ್ಲಿ ಹಿಡಿದು ನಿಮ್ಮನ್ನೇ ಚಿತ್ರಿಸಿಕೊಂಡರೆ ಫ್ರೇಮ್ ತುಂಬಾ ಮುಖ. ವಿವರಗಳಲ್ಲಿ 'ಕ್ರಾಪ್ ಇಲ್ಲದ 4ಕೆ' ಅಥವಾ 'ಪೂರ್ತಿ ಅಗಲದ 4ಕೆ' ಎನ್ನುವ ಅರ್ಥದ ಮಾತು ಹುಡುಕಿ. 1.1, 1.2 ಪಟ್ಟು ಕ್ರಾಪ್ ಇದ್ದರೆ ಸಹಿಸಬಹುದು. 1.5 ದಾಟಿದರೆ ಆ 4ಕೆ ಇಲ್ಲ ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ಎರಡನೆಯದು ಆಟೋಫೋಕಸ್. ಎರಡು ಹೆಸರು ನೆನಪಿಡಿ. ಫೇಸ್ ಡಿಟೆಕ್ಟ್ (phase; ಮುಖ ಎನ್ನುವ ಅರ್ಥದ face ಅಲ್ಲ) ಎನ್ನುವ ವಿಧಾನಕ್ಕೆ ಲೆನ್ಸ್ ಯಾವ ಕಡೆ ಎಷ್ಟು ತಿರುಗಬೇಕು ಎಂದು ಮೊದಲೇ ಗೊತ್ತಾಗುತ್ತದೆ. ಕಾಂಟ್ರಾಸ್ಟ್ ಡಿಟೆಕ್ಟ್‌ಗೆ ಗೊತ್ತಾಗುವುದಿಲ್ಲ. ಅದು ಮುಂದೆ ಹೋಗಿ, ದಾಟಿ, ಹಿಂದೆ ಬಂದು ನಿಲ್ಲುತ್ತದೆ. ಫೋಟೋದಲ್ಲಿ ಈ ಓಲಾಟ ಯಾರಿಗೂ ಕಾಣಲ್ಲ. ವಿಡಿಯೋದಲ್ಲಿ ಅದೂ ರೆಕಾರ್ಡ್ ಆಗುತ್ತದೆ. ಇನ್ನೂ ಒಂದು ಮಾತು: ಕೆಲವು ಕ್ಯಾಮೆರಾಗಳಲ್ಲಿ ಒಳ್ಳೆಯ ಫೋಕಸ್ ಇದ್ದೂ 4ಕೆಯಲ್ಲಿ ಅದು ಆಫ್ ಆಗುತ್ತದೆ. ಎಂ50, 2019ರ ಕ್ಯಾನನ್ 250ಡಿ, 2023ರ ಕ್ಯಾನನ್ ಆರ್100 ಮೂರರಲ್ಲೂ 4ಕೆ ಹಾಕಿದರೆ ಡ್ಯುಯಲ್ ಪಿಕ್ಸೆಲ್ ಸಿಗುವುದಿಲ್ಲ. ಹಾಗಾಗಿ 'ಆಟೋಫೋಕಸ್ ಹೇಗಿದೆ?' ಎಂದು ಕೇಳಬೇಡಿ. '4ಕೆ ವಿಡಿಯೋದಲ್ಲಿ ಆಟೋಫೋಕಸ್ ಹೇಗಿದೆ?' ಎಂದು ಕೇಳಿ.

ಕ್ಯಾಮೆರಾ ಕೈಗೆ ಸಿಕ್ಕರೆ ಪರೀಕ್ಷೆ ಸುಲಭ. ರೆಕಾರ್ಡ್ ಒತ್ತಿ, ಯಾರಾದರೂ ದೂರದಿಂದ ಕ್ಯಾಮೆರಾ ಕಡೆಗೆ ನಡೆದು ಬರಲಿ. ಮುಖ ಸ್ಪಷ್ಟವಾಗಿಯೇ ಉಳಿಯಬೇಕು. ಆಮೇಲೆ ಒಂದು ಪೆನ್ ಅನ್ನು ಮುಖದ ಮುಂದೆ ತಂದು ತೆಗೆಯಲಿ. ಫೋಕಸ್ ಪೆನ್‌ಗೆ ಹೋಗಿ ಮುಖಕ್ಕೆ ವಾಪಸ್ ಬರಬೇಕು, ತಡಕಾಡಬಾರದು.

ಮೂರನೆಯದು ನಡುಕ ತಡೆ. ಇದರಲ್ಲಿ ಮೂರು ಬಗೆ. ಲೆನ್ಸ್ ಒಳಗೆ ಗಾಜು ಅಲುಗಾಡಿ ತಡೆಯುವುದು ಒಂದು, ಬಾಡಿ ಒಳಗೆ ಸೆನ್ಸರ್ರೇ ಅಲುಗಾಡಿ ತಡೆಯುವುದು ಇನ್ನೊಂದು, ಚಿತ್ರದ ಅಂಚು ಕತ್ತರಿಸಿ ಸಾಫ್ಟ್‌ವೇರ್ ಸರಿಮಾಡುವುದು ಮತ್ತೊಂದು. ಕಡಿಮೆ ಬೆಲೆಯ ಎಪಿಎಸ್-ಸಿ ಬಾಡಿಗಳಲ್ಲಿ ಎರಡನೆಯದು ಅಪರೂಪ. ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಸಾಫ್ಟ್‌ವೇರ್ ತಡೆ ಆನ್ ಮಾಡಿದರೆ ಮತ್ತೆ ಕ್ರಾಪ್ ಬರುತ್ತದೆ, ಮರೆಯಬೇಡಿ. ಟ್ರೈಪಾಡ್ ಮೇಲೆ ಇಟ್ಟೇ ತೆಗೆಯುವವರಾದರೆ ಈ ಪ್ಯಾರಾ ನಿಮಗಲ್ಲ. ನಡೆಯುತ್ತಾ ತೆಗೆಯುವವರು ಒಂದು ಮಾತು ನಂಬಿ: ಈ ಬೆಲೆಯ ಯಾವ ಕ್ಯಾಮೆರಾನೂ ಗಿಂಬಲ್ (ಮೋಟಾರ್‌ನಿಂದ ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಹಿಡಿಕೆ) ಇಲ್ಲದೆ ಫೋನಿನಷ್ಟು ನಯವಾಗಿ ಬರಲ್ಲ.

ನಾಲ್ಕನೆಯದು ರೋಲಿಂಗ್ ಶಟರ್. ಸೆನ್ಸರ್ ಚಿತ್ರವನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದುತ್ತಾ ಹೋಗುತ್ತದೆ. ಈ ಓದು ನಿಧಾನವಾದರೆ, ಕ್ಯಾಮೆರಾ ಬೇಗ ತಿರುಗಿಸಿದಾಗ ನೆಟ್ಟಗಿರುವ ಕಂಬ ವಾಲಿದಂತೆ ಕಾಣುತ್ತದೆ. ಸೋನಿಯ ಎ6400, ಝಡ್‌ವಿ-ಇ10ಗಳ 4ಕೆಯಲ್ಲಿ ಈ ತೊಂದರೆ ಎದ್ದು ಕಾಣುತ್ತದೆ. ಮಾತನಾಡುವ ವ್ಯಕ್ತಿಯನ್ನು ತೆಗೆಯುವಾಗ ತೊಂದರೆ ಇಲ್ಲ. ಓಡುವ ವಾಹನದ ಕಿಟಕಿಯಿಂದ, ಆಟದ ಮೈದಾನದಲ್ಲಿ ತೆಗೆಯುವವರಿಗೆ ಕಿರಿಕಿರಿ.

ಆಮೇಲೆ ಎಷ್ಟು ಹೊತ್ತು? ಹಳೆಯ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡ್‌ಗೆ ನಿಂತುಬಿಡುತ್ತವೆ. ಇದಕ್ಕೆ ಕಾರಣ ತಂತ್ರಜ್ಞಾನ ಅಲ್ಲ, ಸುಂಕ. ಒಂದೇ ಸಲಕ್ಕೆ ಅರ್ಧ ಗಂಟೆಗಿಂತ ಹೆಚ್ಚು ರೆಕಾರ್ಡ್ ಮಾಡುವ ಯಂತ್ರವನ್ನು ಯುರೋಪಿಯನ್ ಒಕ್ಕೂಟ ವಿಡಿಯೋ ಕ್ಯಾಮೆರಾ ಎಂದು ಪರಿಗಣಿಸಿ ಜಾಸ್ತಿ ಸುಂಕ ಹಾಕುತ್ತಿತ್ತು. ಹೊಸ ಮಾಡೆಲ್‌ಗಳಲ್ಲಿ ಆ ಮಿತಿ ಸಡಿಲವಾಗಿದೆ. ನಿಕಾನ್ ಝಡ್30 ಒಂದೇ ಸಲಕ್ಕೆ 125 ನಿಮಿಷದವರೆಗೆ ಹೋಗಬಲ್ಲದು. ಈಗಿನ ನಿಜವಾದ ಮಿತಿ ಬಿಸಿ. ಚಿಕ್ಕ ಬಾಡಿಯಲ್ಲಿ 4ಕೆ ಓಡಿಸಿದರೆ ಕ್ಯಾಮೆರಾ ಕಾದು ತಾನೇ ಆಫ್ ಆಗಬಹುದು. ಪಾಠ, ಸಂಗೀತ ಕಛೇರಿ, ಭಾಷಣ ರೆಕಾರ್ಡ್ ಮಾಡುವವರು ಇದನ್ನು ಖಚಿತ ಮಾಡಿಕೊಳ್ಳಲೇಬೇಕು.

ಹಾಗಾದರೆ 4ಕೆ ಬೇಕೇ ಬೇಕಾ? ನೋಡುವವರಲ್ಲಿ ಬಹಳಷ್ಟು ಜನ ಫೋನ್ ಪರದೆಯಲ್ಲೇ ನೋಡುತ್ತಾರೆ, ಅಲ್ಲಿ ಫುಲ್ ಎಚ್‌ಡಿ ಸಾಕು. ಆದರೂ 4ಕೆ ಇದ್ದರೆ ಎಡಿಟ್ ಮಾಡುವಾಗ ಚಿತ್ರವನ್ನು ಹತ್ತಿರಕ್ಕೆ ಎಳೆಯಬಹುದು, ಒಂದೇ ಶಾಟ್‌ನಲ್ಲಿ ಎರಡು ಕೋನ ಮಾಡಬಹುದು. ಎಷ್ಟೋ ಅಗ್ಗದ ಕ್ಯಾಮೆರಾಗಳ ಫುಲ್ ಎಚ್‌ಡಿ ಸ್ವಲ್ಪ ಮಂಕಾಗಿರುತ್ತದೆ. 4ಕೆಯಲ್ಲಿ ತೆಗೆದು ಇಳಿಸಿಕೊಂಡರೆ ಅದೇ ಕ್ಯಾಮೆರಾದ ಚಿತ್ರ ಚುರುಕಾಗುತ್ತದೆ.

ಲಾಗ್ ಪ್ರೊಫೈಲ್ (ಎಡಿಟ್‌ನಲ್ಲಿ ಬಣ್ಣ ತಿದ್ದಿಕೊಳ್ಳಲೆಂದು ಪೇಲವವಾಗಿ ರೆಕಾರ್ಡ್ ಮಾಡುವ ಬಗೆ) ಇದೆ ಎಂದು ಯಾರಾದರೂ ಹೊಗಳಿದರೆ ಎಷ್ಟು ಬಿಟ್ ಎಂದು ಕೇಳಿ. 8 ಬಿಟ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್‌ನಲ್ಲಿ 1024. 8 ಬಿಟ್ ಲಾಗ್ ಅನ್ನು ಎಡಿಟ್‌ನಲ್ಲಿ ಎಳೆದಾಡಿದರೆ ಆಕಾಶದಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ. ಹೊಸಬರು ಸುಮ್ನೆ ಮಾಮೂಲಿ ಪ್ರೊಫೈಲ್‌ನಲ್ಲೇ ತೆಗೆಯುವುದು ಒಳ್ಳೆಯದು.

ಹಂತ 6: ಮೈಕ್ ತೂತು, ಪರದೆ, ವ್ಯೂಫೈಂಡರ್, ಬ್ಯಾಟರಿ

3.5 ಮಿ.ಮೀ. ಮೈಕ್ ಜ್ಯಾಕ್ ಇಲ್ಲದ ಕ್ಯಾಮೆರಾವನ್ನು ಪಟ್ಟಿಯಿಂದ ತೆಗೆದುಹಾಕಿ. ಇದರಲ್ಲಿ ರಾಜಿ ಇಲ್ಲ. ಚಿತ್ರ ಸ್ವಲ್ಪ ಮಂಕಾದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. 2014ರ ಸೋನಿ ಎ6000 ಫೋಟೋಗೆ ಇವತ್ತಿಗೂ ಚೆನ್ನ, ಸೆಕೆಂಡ್ ಹ್ಯಾಂಡ್‌ನಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ಅದರಲ್ಲಿ ಮೈಕ್ ಜ್ಯಾಕ್ ಇಲ್ಲ, 4ಕೆಯೂ ಇಲ್ಲ. ಹೆಡ್‌ಫೋನ್ ಜ್ಯಾಕ್ ಇದ್ದರೆ ಇನ್ನೂ ಒಳ್ಳೆಯದು, ರೆಕಾರ್ಡ್ ಆಗುತ್ತಿರುವುದನ್ನು ಆಗಲೇ ಕೇಳಬಹುದು.

ಒಬ್ಬರೇ ವಿಡಿಯೋ ಮಾಡುವವರಿಗೆ ಪರದೆ ಪಕ್ಕಕ್ಕೆ ತೆರೆದು ಮುಂದಕ್ಕೆ ತಿರುಗಬೇಕು. ಮೇಲಕ್ಕೆ ತಿರುಗುವ ಪರದೆಗೆ ಮೈಕ್ ಅಡ್ಡ ಬರುತ್ತದೆ. ಟಚ್ ಇರಲಿ.

ವ್ಯೂಫೈಂಡರ್ ವಿಷಯದಲ್ಲಿ ಫೋಟೋ ಮಂದಿ ಮತ್ತು ವಿಡಿಯೋ ಮಂದಿಯ ದಾರಿ ಬೇರೆಯಾಗುತ್ತದೆ. ವಿಡಿಯೋಗೆಂದು ಮಾಡಿದ ಕ್ಯಾಮೆರಾಗಳಲ್ಲಿ ಎಷ್ಟೋ ಸಲ ಅದು ಇರುವುದೇ ಇಲ್ಲ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಪರದೆ ಕಾಣದೆ ಫೋಟೋ ತೆಗೆಯುವುದು ಎಂಥ ಪಾಡು ಎಂದು ಒಮ್ಮೆ ಅನುಭವಿಸಿದವರಿಗೆ ಗೊತ್ತು. ನಿಮ್ಮ ಪಟ್ಟಿಯಲ್ಲಿ ಫೋಟೋ ಪಾಲು ಅರ್ಧಕ್ಕಿಂತ ಜಾಸ್ತಿ ಇದ್ದರೆ ವ್ಯೂಫೈಂಡರ್ ಇರುವುದನ್ನೇ ಆರಿಸಿ.

ಬ್ಯಾಟರಿ ಮಿರರ್‌ಲೆಸ್‌ಗಳ ದೌರ್ಬಲ್ಯ. ಕಂಪನಿ ಹೇಳುವ 'ಇಷ್ಟು ಫೋಟೋ' ಲೆಕ್ಕ ವಿಡಿಯೋಗೆ ಹೊಂದುವುದಿಲ್ಲ. ಯುಎಸ್‌ಬಿ-ಸಿ ಮೂಲಕ ಪವರ್ ಬ್ಯಾಂಕ್ ಸಿಕ್ಕಿಸಿಕೊಂಡೇ ರೆಕಾರ್ಡ್ ಮಾಡಲು ಬರುತ್ತದೆಯೇ ಎಂದು ನೋಡಿಕೊಳ್ಳಿ.

ಹಂತ 7: ಲೆನ್ಸ್ ಲೆಕ್ಕ ಹಾಕಿಯೇ ಬಾಡಿ ಆರಿಸಿ

ಬಾಡಿ ನಾಲ್ಕೈದು ವರ್ಷಕ್ಕೆ ಹಳತಾಗುತ್ತದೆ. ಲೆನ್ಸ್ ಉಳಿಯುತ್ತದೆ. ಹಾಗಾಗಿ ಕ್ಯಾಮೆರಾ ಕೊಳ್ಳುವಾಗ ನೀವು ನಿಜವಾಗಿ ಆರಿಸುತ್ತಿರುವುದು ಲೆನ್ಸ್ ಕೂರುವ ಮೌಂಟ್ ಅನ್ನು.

ಜೊತೆಗೆ ಬರುವ ಕಿಟ್ ಲೆನ್ಸ್‌ಗಳು ಜೂಮ್ ಮಾಡಿದಾಗ ಎಫ್/5.6 ಅಥವಾ ಎಫ್/6.3ಕ್ಕೆ ಇಳಿಯುತ್ತವೆ. ಎಫ್/1.8ರ ಲೆನ್ಸ್ ಒಂದು, ಎಫ್/5.6ಕ್ಕಿಂತ ಸುಮಾರು 10 ಪಟ್ಟು ಬೆಳಕು ಒಳಗೆ ಬಿಡುತ್ತದೆ. ಸಂಜೆ ಮನೆಯೊಳಗಿನ ಚಿತ್ರ ಕೆಟ್ಟಿದೆ ಎಂದು ಬಾಡಿ ಬದಲಿಸುವವರು ಇದ್ದಾರೆ. ಜೂಮ್ ಇಲ್ಲದ, ಎಫ್/1.8ರ ಒಂದು ಸಣ್ಣ ಪ್ರೈಮ್ ಲೆನ್ಸ್ ಅದಕ್ಕಿಂತ ಕಡಿಮೆ ಖರ್ಚಿನಲ್ಲಿ ಆ ಕೆಲಸ ಮುಗಿಸುತ್ತದೆ.

ಯಾವ ಪ್ರೈಮ್? ಎಲ್ಲರೂ 50 ಮಿ.ಮೀ. ಎನ್ನುತ್ತಾರೆ. ಫುಲ್ ಫ್ರೇಮ್‌ನಲ್ಲಿ ಅದು ಸರಿ. ಎಪಿಎಸ್-ಸಿಯಲ್ಲಿ 1.5ರಿಂದ ಗುಣಿಸಬೇಕು (ಕ್ಯಾನನ್ ಆದರೆ 1.6). ಅಂದರೆ 75ರಿಂದ 80 ಮಿ.ಮೀ. ಒಬ್ಬರ ಮುಖಚಿತ್ರಕ್ಕೆ ಸೊಗಸು, ಕೋಣೆಯೊಳಗೆ ನಾಲ್ಕು ಜನರನ್ನು ಹಿಡಿಯಲು ಗೋಡೆಗೆ ಬೆನ್ನು ಹಚ್ಚಬೇಕು. ಎಪಿಎಸ್-ಸಿಗೆ ಮೊದಲ ಪ್ರೈಮ್ 30 ಅಥವಾ 35 ಮಿ.ಮೀ. ಇರಲಿ. ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಗುಣಕ 2, ಅಲ್ಲಿಗೆ 25 ಮಿ.ಮೀ. ಕ್ಯಾಮೆರಾ ಕೈಯಲ್ಲಿ ಹಿಡಿದು ತಮ್ಮನ್ನೇ ಚಿತ್ರಿಸಿಕೊಳ್ಳುವವರಿಗೆ ಎಪಿಎಸ್-ಸಿಯಲ್ಲಿ 10ರಿಂದ 12 ಮಿ.ಮೀ.ನ ಅಗಲ ಲೆನ್ಸ್ ಹಿತ.

ಈಗ ಮೌಂಟ್. ಸೋನಿ ಇ ಮತ್ತು ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಕಡಿಮೆ ಬೆಲೆಯ ಲೆನ್ಸ್‌ಗಳ ಆಯ್ಕೆ ಜಾಸ್ತಿ, ಸೆಕೆಂಡ್ ಹ್ಯಾಂಡ್‌ನಲ್ಲೂ ಧಾರಾಳ. ನಿಕಾನ್ ಝಡ್‌ನ ಎಪಿಎಸ್-ಸಿಗೆ 2023ರಲ್ಲಿ, ಕ್ಯಾನನ್ ಆರ್‌ಎಫ್‌ನ ಎಪಿಎಸ್-ಸಿಗೆ 2024ರಲ್ಲಿ ಸಿಗ್ಮಾ ಲೆನ್ಸ್‌ಗಳು ಬಂದ ಮೇಲೆ ಅಲ್ಲಿನ ಕೊರತೆ ಕಡಿಮೆಯಾಗಿದೆ. ಎಂ50 ಬಳಸುವ ಇಎಫ್-ಎಂ ಮೌಂಟ್ ಅನ್ನು ಕ್ಯಾನನ್ ಕೈಬಿಟ್ಟಿದೆ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡರೆ ಮುಂದಿನ ಬಾಡಿಗೆ ಆ ಲೆನ್ಸ್‌ಗಳು ಆಗುವುದಿಲ್ಲ.

ಮನೆಯಲ್ಲಿ ಹಳೆಯ ಡಿಎಸ್‌ಎಲ್‌ಆರ್ ಲೆನ್ಸ್ ಇದೆಯೇ? ಕ್ಯಾನನ್ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಮೂಲಕ ಆರ್‌ಎಫ್ ಬಾಡಿಗೆ ಕೂತು ಆಟೋಫೋಕಸ್ ಮಾಡುತ್ತವೆ. ನಿಕಾನ್‌ನಲ್ಲಿ ಎಫ್‌ಟಿಝಡ್ ಅಡಾಪ್ಟರ್ ಜೊತೆ ಎಎಫ್-ಎಸ್ ಲೆನ್ಸ್‌ಗಳು ಫೋಕಸ್ ಮಾಡುತ್ತವೆ, ಹಳೆಯ ಎಎಫ್-ಡಿ ಮಾಡುವುದಿಲ್ಲ, ಕೈಯಲ್ಲೇ ತಿರುಗಿಸಬೇಕು.

ಹಂತ 8: ಪಟ್ಟಿ ಕಿರಿದು ಮಾಡಿ

ಇಷ್ಟು ಜರಡಿ ಹಿಡಿದ ಮೇಲೆ ಉಳಿಯುವ ಕೆಲವು ಹೆಸರು ಹೇಳುತ್ತೇನೆ. ಮಾಡೆಲ್ ಬದಲಾಗುತ್ತಲೇ ಇರುತ್ತವೆ, ಅಳೆಯುವ ರೀತಿ ಮಾತ್ರ ಇದೇ.

ಎರಡೂ ಹೆಚ್ಚುಕಡಿಮೆ ಸಮ ಎನ್ನುವವರಿಗೆ 2023ರ ಕ್ಯಾನನ್ ಆರ್50 ನನ್ನ ಮೊದಲ ಆಯ್ಕೆ. 4ಕೆ ಪೂರ್ತಿ ಅಗಲದಲ್ಲಿ ಬರುತ್ತದೆ, ಡ್ಯುಯಲ್ ಪಿಕ್ಸೆಲ್ ಅಲ್ಲೂ ಕೆಲಸ ಮಾಡುತ್ತದೆ, ವ್ಯೂಫೈಂಡರ್, ತಿರುಗುವ ಪರದೆ, ಮೈಕ್ ಜ್ಯಾಕ್ ಎಲ್ಲ ಇವೆ. ಬಾಡಿಯಲ್ಲಿ ನಡುಕ ತಡೆ ಇಲ್ಲ, ಹೆಡ್‌ಫೋನ್ ಜ್ಯಾಕ್ ಇಲ್ಲ. ಅದರ ತಮ್ಮನಂತೆ ಕಾಣುವ ಆರ್100 ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅದರಲ್ಲಿ ಪರದೆ ತಿರುಗುವುದಿಲ್ಲ, ಟಚ್ ಇಲ್ಲ, 4ಕೆಯಲ್ಲಿ ಕ್ರಾಪ್ ಬೇರೆ.

ವಿಡಿಯೋ ಪಾಲು ಜಾಸ್ತಿ ಇದ್ದರೆ 2021ರ ಸೋನಿ ಝಡ್‌ವಿ-ಇ10 ಅಥವಾ 2022ರ ನಿಕಾನ್ ಝಡ್30. ಎರಡಕ್ಕೂ ವ್ಯೂಫೈಂಡರ್ ಇಲ್ಲ. ಸೋನಿಯಲ್ಲಿ ಹೆಡ್‌ಫೋನ್ ಜ್ಯಾಕ್ ಮತ್ತು ಲೆನ್ಸ್ ಆಯ್ಕೆ ಜಾಸ್ತಿ. ನಿಕಾನ್ ಹಿಡಿತದಲ್ಲಿ ಗಟ್ಟಿ, 4ಕೆಯಲ್ಲಿ ಕ್ರಾಪ್ ಇಲ್ಲ.

ಫೋಟೋ ಪಾಲು ಜಾಸ್ತಿ ಇದ್ದು ಸೆಕೆಂಡ್ ಹ್ಯಾಂಡ್ ಪರವಾಗಿಲ್ಲ ಎನ್ನುವವರು 2019ರ ಸೋನಿ ಎ6400 ನೋಡಬಹುದು. ಓಡುವ ಮಕ್ಕಳನ್ನು ಹಿಡಿಯುವುದರಲ್ಲಿ ಅದರ ಫೋಕಸ್ ಗಟ್ಟಿಗ.

ತೀರಾ ಕಡಿಮೆ ಬಜೆಟ್, ಕೈಯಲ್ಲಿ ಹಿಡಿದೇ ವಿಡಿಯೋ ಅಂದರೆ 2016ರ ಪ್ಯಾನಸೋನಿಕ್ ಜಿ85. ಕೆಲವು ದೇಶಗಳಲ್ಲಿ ಇದರ ಹೆಸರು ಜಿ80. ಬಾಡಿಯಲ್ಲೇ ನಡುಕ ತಡೆ, ಮೈಕ್ ಜ್ಯಾಕ್, ವ್ಯೂಫೈಂಡರ್ ಮೂರೂ ಸಿಗುತ್ತವೆ. ಫೋಕಸ್ ಕಾಂಟ್ರಾಸ್ಟ್ ಬಗೆಯದು. ಹಾಗಾಗಿ ನೀವೇ ಫೋಕಸ್ ತಿರುಗಿಸುವವರಾದರೆ, ಅಥವಾ ಎದುರಿಗಿರುವವರು ಕೂತಲ್ಲೇ ಮಾತನಾಡುವವರಾದರೆ ಮಾತ್ರ ಇದು.

ಹಂತ 9: ಸೆಕೆಂಡ್ ಹ್ಯಾಂಡ್ ಆದರೆ ಹೀಗೆ ಪರೀಕ್ಷಿಸಿ

ಲೆನ್ಸ್ ತೆಗೆದು ಅದರೊಳಗೆ ಫೋನಿನ ಟಾರ್ಚ್ ಬಿಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ಆ ಲೆನ್ಸ್ ಬೇಡ. ಒಂದೆರಡು ಧೂಳಿನ ಕಣ ಇದ್ದರೆ ಚಿತ್ರಕ್ಕೆ ಏನೂ ಆಗುವುದಿಲ್ಲ.

ಎಫ್/16 ಇಟ್ಟು ಬಿಳಿ ಗೋಡೆಯ ಫೋಟೋ ತೆಗೆಯಿರಿ. ಕಪ್ಪು ಕಲೆಗಳು ಕಂಡರೆ ಸೆನ್ಸರ್ ಮೇಲೆ ಧೂಳಿದೆ, ಸ್ವಚ್ಛ ಮಾಡಿಸಬಹುದು. ಗೀರು ಇದ್ದರೆ ಬಿಟ್ಟುಬಿಡಿ. ಆಮೇಲೆ ಲೆನ್ಸ್ ಮುಚ್ಚಳ ಹಾಕಿ ಕೆಲವು ಸೆಕೆಂಡ್ ಎಕ್ಸ್‌ಪೋಶರ್ ಕೊಟ್ಟು ನೋಡಿ. ಹೊಳೆಯುವ ಚುಕ್ಕೆಗಳು ತುಂಬಾ ಇದ್ದರೆ ಅನುಮಾನ ಪಡಿ.

ಮೈಕ್ ಮತ್ತು ಹೆಡ್‌ಫೋನ್ ಜೊತೆಗೇ ಒಯ್ಯಿರಿ. ಜ್ಯಾಕ್‌ನಲ್ಲಿ ಪಿನ್ ಅಲ್ಲಾಡಿಸಿದಾಗ ಕರಕರ ಸದ್ದು ಬರಬಾರದು. ವಿಡಿಯೋಗೆ ಬಳಸಿದ ಕ್ಯಾಮೆರಾದಲ್ಲಿ ಮೊದಲು ಸವೆಯುವುದು ಈ ತೂತುಗಳು ಮತ್ತು ಪರದೆಯ ಕೀಲು. ಪರದೆಯನ್ನು ಎಲ್ಲ ಕಡೆ ತಿರುಗಿಸಿ, ಮಿನುಗುತ್ತದೆಯೇ ನೋಡಿ. ಶಟರ್ ಎಣಿಕೆ, ಅಂದರೆ ಇದುವರೆಗೆ ಎಷ್ಟು ಫೋಟೋ ತೆಗೆದಿದೆ ಎಂಬ ಲೆಕ್ಕ, ಕೇಳಿ. ಆದರೆ ಅದನ್ನೊಂದೇ ನಂಬಬೇಡಿ, ಗಂಟೆಗಟ್ಟಲೆ ಮಾಡಿದ ವಿಡಿಯೋ ಆ ಎಣಿಕೆಯಲ್ಲಿ ಕಾಣುವುದಿಲ್ಲ.

ಹಂತ 10: ಕಾರ್ಡ್ ಮತ್ತು ಮೊದಲ ವಾರ

ಮೆಮೊರಿ ಕಾರ್ಡ್ ಮೇಲೆ ದೊಡ್ಡದಾಗಿ ಬರೆದಿರುವ ವೇಗ ಓದುವ ವೇಗ. ವಿಡಿಯೋಗೆ ಬೇಕಾಗಿರುವುದು ಬರೆಯುವ ವೇಗ. ವಿ30 ಗುರುತು ಇದ್ದರೆ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುತ್ತದೆ. ಈ ಮಟ್ಟದ ಕ್ಯಾಮೆರಾಗಳ 4ಕೆ ಸಾಮಾನ್ಯವಾಗಿ ಸೆಕೆಂಡಿಗೆ 100 ಮೆಗಾಬಿಟ್ ಆಸುಪಾಸು, ಅಂದರೆ 12.5 ಮೆಗಾಬೈಟ್. ಹಾಗಾಗಿ ವಿ30 ಸಾಕು, ವಿ90ಗೆ ದುಡ್ಡು ಸುರಿಯಬೇಡಿ. ಈ ಲೆಕ್ಕದಲ್ಲಿ 64 ಜಿಬಿ ಕಾರ್ಡ್‌ನಲ್ಲಿ ಸುಮಾರು 85 ನಿಮಿಷ ಹಿಡಿಯುತ್ತದೆ. ನಕಲಿ ಕಾರ್ಡ್‌ಗಳು ಬಹಳ. ತಂದ ದಿನವೇ ಒಮ್ಮೆ ಪೂರ್ತಿ ತುಂಬಿಸಿ, ಎಲ್ಲ ಫೈಲ್ ತೆರೆಯುತ್ತವೆಯೇ ನೋಡಿ.

ಸೆಟ್ಟಿಂಗ್‌ನಲ್ಲಿ ಒಂದು ನಿಯಮ ಮಾತ್ರ ಈಗಲೇ ಕಲಿಯಿರಿ. ವಿಡಿಯೋದ ಶಟರ್ ವೇಗ ಫ್ರೇಮ್ ರೇಟ್‌ನ (ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕದ) ಎರಡರಷ್ಟು ಇರಲಿ. 25 ಫ್ರೇಮ್‌ಗೆ 1/50, 30ಕ್ಕೆ 1/60. ಚಲನೆ ಸಹಜವಾಗಿ ಕಾಣುತ್ತದೆ. ಬಲ್ಬಿನ ಬೆಳಕು ಮಿನುಗುತ್ತಿದ್ದರೆ ವಿದ್ಯುತ್ 50 ಹರ್ಟ್ಜ್ ಇರುವ ಕಡೆ 1/50 ಅಥವಾ 1/100, 60 ಹರ್ಟ್ಜ್ ಇರುವ ಕಡೆ 1/60 ಅಥವಾ 1/120 ಇಡಿ. ಬಿಸಿಲಿನಲ್ಲಿ ಇಷ್ಟು ನಿಧಾನ ಶಟರ್ ಇಟ್ಟರೆ ಚಿತ್ರ ಬೆಳ್ಳಗಾಗುತ್ತದೆ, ಆಗ ಲೆನ್ಸ್ ಮುಂದೆ ಎನ್‌ಡಿ ಫಿಲ್ಟರ್ ಬೇಕು.

ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಮೂರು ಕೆಲಸ ಮಾಡಿ. ನಿಮ್ಮ ಮನೆಯ ಮಾಮೂಲಿ ಬೆಳಕಿನಲ್ಲಿ, ಮೈಕ್ ಹಾಕಿ, 4ಕೆಯಲ್ಲಿ ಅರ್ಧ ಗಂಟೆ ಬಿಡದೆ ರೆಕಾರ್ಡ್ ಮಾಡಿ. ಕ್ಯಾಮೆರಾ ಬಿಸಿಯಾಗಿ ನಿಲ್ಲುತ್ತದೆಯೇ, ಬ್ಯಾಟರಿ ಎಷ್ಟು ಇಳಿಯುತ್ತದೆ ಎಂದು ಗೊತ್ತಾಗುತ್ತದೆ. ಸಂಜೆ ಹೊತ್ತು, ಓಡಾಡುವ ಯಾರದಾದರೂ ಫೋಟೋಗಳನ್ನು ಒಂದಾದ ಮೇಲೊಂದು ತೆಗೆದು, ಕಣ್ಣಿನ ಮೇಲೆ ಫೋಕಸ್ ಎಷ್ಟರಲ್ಲಿ ಕೂತಿದೆ ಎಂದು ದೊಡ್ಡದು ಮಾಡಿ ನೋಡಿ. ಕೊನೆಗೆ ಆ ವಿಡಿಯೋ ಫೈಲನ್ನು ನಿಮ್ಮ ಕಂಪ್ಯೂಟರ್‌ಗೆ ಹಾಕಿ ಎಡಿಟ್ ಮಾಡಿ ನೋಡಿ. ಎಚ್.265 ಎಂಬ ಬಗೆಯಲ್ಲಿ ಬಿಗಿಯಾಗಿ ಕುಗ್ಗಿಸಿದ ವಿಡಿಯೋ ಫೈಲ್‌ಗಳು ಹಳೆಯ ಕಂಪ್ಯೂಟರ್‌ಗಳಲ್ಲಿ ತಡವರಿಸುತ್ತವೆ. ಹಾಗಾದರೆ ಕ್ಯಾಮೆರಾದಲ್ಲಿ ಎಚ್.264 ಆಯ್ಕೆ ಇದೆಯೇ ನೋಡಿ. ಇಲ್ಲದಿದ್ದರೆ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರಾಕ್ಸಿ ಫೈಲ್ (ಎಡಿಟ್‌ಗೆ ಮಾತ್ರ ಬಳಸುವ ಹಗುರ ಪ್ರತಿ) ಮಾಡಿಕೊಂಡು ಕೆಲಸ ಮಾಡಿ.